ಮಲಾಕ್ಕಾ ಮುತ್ತಿಗೆ: ಒಬ್ಬ ವೈದ್ಯನ ದೃಷ್ಟಿಯಲ್ಲಿ

(ಪುಚೊಂಗ್‌ನಲ್ಲಿ ಜರುಗಿದ ನಮ್ಮ ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯನೊಬ್ಬನನ್ನು ವೇದಿಕೆಗೆ ಕರೆದರೆ ಆತನು ಸಕ್ಕರೆ ಕಾಯಿಲೆಯ ಕುರಿತೋ ರಕ್ತದೊತ್ತಡದ ಕುರಿತೋ ಮಾತನಾಡುವನೆಂಬ ನಿರೀಕ್ಷೆ ಸಹಜವಾದುದು. ಒಳಗಿನಿಂದ ಹೋಳಿಗೆಯ ಪರಿಮಳ ಬರುತ್ತಿರುವಾಗ ಅಂಥ ಉಪನ್ಯಾಸವನ್ನು ಮಾಡುವಷ್ಟು ಕಠಿಣಹೃದಯಿ ನಾನಲ್ಲ. ಆದ್ದರಿಂದ ಇಂದು ಒಂದು ಯುದ್ಧದ ಕಥೆ ಹೇಳುತ್ತೇನೆ. ಆದರೆ ಅದರೊಳಗೂ ರೋಗವೇ ಬಂದು ಕುಳಿತುಕೊಳ್ಳುವುದು ನನ್ನ ತಪ್ಪಲ್ಲ.

ಊರಿನಿಂದ ನೆಂಟರು ಬಂದಾಗ ನಾವೆಲ್ಲರೂ ಅವರನ್ನು ಮಲಾಕ್ಕಾಗೆ ಕರೆದುಕೊಂಡು ಹೋಗುತ್ತೇವೆ. ಪುಚೊಂಗ್‌ನಿಂದ ಸುಮಾರು ಎರಡು ಗಂಟೆಯ ದಾರಿ. ಕೆಂಪು ಕಟ್ಟಡಗಳ ಚೌಕ, ಬೆಟ್ಟದ ಮೇಲಿನ ಪಾಳುಬಿದ್ದ ಇಗರ್ಜಿ, ಅದರ ಬುಡದಲ್ಲಿ ಒಂಟಿಯಾಗಿ ನಿಂತಿರುವ ಕೋಟೆಯ ಹೆಬ್ಬಾಗಿಲು. ಅಲ್ಲಿ ಒಂದು ಛಾಯಾಚಿತ್ರ, ಬಳಿಕ ಒಂದೊಂದು ಬಟ್ಟಲು ಚೆಂಡೋಲ್, ಅಲ್ಲಿಗೆ ಇತಿಹಾಸ ಮುಗಿಯಿತು. ಕೆಲವು ವರ್ಷಗಳ ಹಿಂದೆ ಹೀಗೆಯೇ ಹೋಗಿದ್ದಾಗ ನನ್ನ ತಂಗಿಯ ಮಗ ಆ ಬಾಗಿಲಿನ ಕೆಳಗೆ ನಿಂತು, "ಮಾವ, ಈ ಕೋಟೆಯನ್ನು ಒಡೆದವರು ಯಾರು?" ಎಂದು ಕೇಳಿದನು. "ಪೋರ್ಚುಗೀಸರು ಕಟ್ಟಿದರು, ಡಚ್ಚರು ಫಿರಂಗಿ ಹಾರಿಸಿ ಒಡೆದರು" ಎಂದು ನಾನು ಥಟ್ಟನೆ ಉತ್ತರಿಸಿದೆ. ಹಿರಿಯರು ಮಕ್ಕಳಿಗೆ ಹೇಳುವ ಅನೇಕ ಉತ್ತರಗಳಂತೆ ಅದೂ ಅರ್ಧ ತಪ್ಪಾಗಿದ್ದಿತು. ಆ ಬಾಗಿಲಿನ ಮೇಲ್ಭಾಗದಲ್ಲಿ 1670 ಎಂಬ ವರ್ಷವೂ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನವೂ ಇವೆ. ಎಂದರೆ, ಗೆದ್ದವರು ಕೋಟೆಯನ್ನು ನೆಲಸಮ ಮಾಡಲಿಲ್ಲ. ರಿಪೇರಿ ಮಾಡಿ ತಾವೇ ಬಳಸಿದರು. ಅದನ್ನು ಒಡೆಸಿದವರು 1807ರಲ್ಲಿ ಇಂಗ್ಲಿಷರು. ಅದೂ ಯುದ್ಧದಲ್ಲಲ್ಲ, ಕೂಲಿಯವರನ್ನು ಹಚ್ಚಿ, ಮದ್ದುಗುಂಡು ಇಟ್ಟು.

ಹಾಗಾದರೆ 1641ರಲ್ಲಿ ಈ ಕೋಟೆ ಬಿದ್ದದ್ದು ಹೇಗೆ? ಅದನ್ನು ಓದಲು ತೊಡಗಿದ ಮೇಲೆ, ಇದು ಸೇನಾಧಿಪತಿಗಿಂತ ವೈದ್ಯನಿಗೇ ಹೆಚ್ಚು ಅರ್ಥವಾಗುವ ಕಥೆಯೆಂದು ನನಗೆ ತೋರಿತು.

ಮೊದಲು ಸ್ಥಳದ ವಿಚಾರ. ಮಲಾಕ್ಕಾ ಎಂಬುದು ಗಾಳಿ ಸೃಷ್ಟಿಸಿದ ಪಟ್ಟಣ. ನೈಋತ್ಯ ಮಾರುತದಲ್ಲಿ ಭಾರತದ ಕಡೆಯ ಹಡಗುಗಳು ಇಲ್ಲಿಗೆ ಬರುತ್ತಿದ್ದವು. ಈಶಾನ್ಯ ಮಾರುತದಲ್ಲಿ ಚೀನದ ಕಡೆಯವು. ಒಂದರ ಗಾಳಿ ಇನ್ನೊಂದಕ್ಕೆ ಎದುರು. ಆದುದರಿಂದ ಎಲ್ಲರೂ ಇಲ್ಲಿ ತಿಂಗಳುಗಟ್ಟಲೆ ಕಾಯಲೇಬೇಕು. ಕಾಯುವವರು ವ್ಯಾಪಾರ ಮಾಡಲೇಬೇಕು. ಗುಜರಾತಿನ ಅರಿವೆ, ಮಲುಕು ದ್ವೀಪಗಳ ಲವಂಗ, ಬಾಂದಾದ ಜಾಯಿಕಾಯಿ, ಚೀನದ ರೇಷ್ಮೆ ಎಲ್ಲವೂ ಇಲ್ಲಿ ಕೈ ಬದಲಾಯಿಸುತ್ತಿದ್ದವು. ಇಲ್ಲಿ ಇಲ್ಲದಿದ್ದದ್ದು ಒಂದೇ, ಅಕ್ಕಿ. ಜಾವಾ, ಪೆಗು, ಬಂಗಾಳಗಳಿಂದ ಬರುವ ಹಡಗಿನ ಅಕ್ಕಿಯೇ ಈ ಊರಿನ ಅನ್ನ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ.

1511ರಲ್ಲಿ ಅಲ್ಫಾನ್ಸೊ ಡಿ ಅಲ್ಬುಕರ್ಕ್ ಈ ಪಟ್ಟಣವನ್ನು ಸುಲ್ತಾನ ಮಹಮೂದ್ ಷಾನಿಂದ ಕಿತ್ತುಕೊಂಡನು. ಆತನು ಅದರ ಹಿಂದಿನ ವರ್ಷವಷ್ಟೇ ಗೋವೆಯನ್ನು ಹಿಡಿದಿದ್ದನು. ಆ ಗೋವೆಯ ದಾರಿಯನ್ನು ಅವನಿಗೆ ತೋರಿಸಿದವನು ನಮ್ಮ ಹೊನ್ನಾವರದ ಕಡಲ ನಾಯಕ ತಿಮ್ಮೋಜ ಎಂಬುದನ್ನು ಉತ್ತರ ಕನ್ನಡದವರು ಸ್ವಲ್ಪ ಸಂಕೋಚದಿಂದಲೇ ಕೇಳಿಸಿಕೊಳ್ಳಬೇಕು. ಹೀಗಾಗಿ ಮಲಾಕ್ಕಾದ ಕಥೆಯ ಮೊದಲ ಪುಟದಲ್ಲಿಯೇ ನಮ್ಮ ಕರಾವಳಿಯ ನೆರಳಿದೆ. ಪೋರ್ಚುಗೀಸರು ಮಸೀದಿ ಮತ್ತು ಗೋರಿಗಳ ಕಲ್ಲುಗಳನ್ನೇ ಕಿತ್ತು 'ಆ ಫಮೋಸಾ' ಎಂಬ ಕೋಟೆಯನ್ನು ಕಟ್ಟಿದರು. 'ಪ್ರಸಿದ್ಧವಾದುದು' ಎಂದು ಅದರ ಅರ್ಥ. ಕಟ್ಟಿದ ಕೂಡಲೇ ಅದಕ್ಕೆ ಅಂಥ ಹೆಸರನ್ನಿಡುವ ಆತ್ಮವಿಶ್ವಾಸವನ್ನು ಮೆಚ್ಚಲೇಬೇಕು. ಮುಂದೆ ಬೆಟ್ಟವನ್ನೆಲ್ಲ ಸುತ್ತುವ ಕಲ್ಲಿನ ಗೋಡೆ, ಮೂಲೆಮೂಲೆಗೆ ಬುರುಜುಗಳು ಎದ್ದವು.

ಆ ಹೆಸರು ಪೂರ್ತಿ ಸುಳ್ಳಾಗಲಿಲ್ಲ. ಮುಂದಿನ ಸುಮಾರು 130 ವರ್ಷಗಳಲ್ಲಿ ಜೊಹೋರ್, ಜಾವಾದ ಜೆಪಾರಾ, ಸುಮಾತ್ರಾದ ಅಚೆ ಎಲ್ಲವೂ ಈ ಕೋಟೆಯ ಮೇಲೆ ಬಿದ್ದು ಹಿಂದಿರುಗಿದವು. 1606ರಲ್ಲಿ ಮಾಟೆಲೀಫ್ ಎಂಬ ಡಚ್ ನೌಕಾಧಿಪತಿ ಜೊಹೋರಿನೊಡನೆ ಕೂಡಿ ಮುತ್ತಿದನು. ಗೋವೆಯಿಂದ ಪೋರ್ಚುಗೀಸ್ ನೌಕಾಪಡೆ ಬಂದುದರಿಂದ ಮುತ್ತಿಗೆಯನ್ನು ಬಿಡಬೇಕಾಯಿತು. 1629ರಲ್ಲಿ ಅಚೆಯ ಸುಲ್ತಾನ ಇಸ್ಕಂದರ್ ಮುದಾ ಅಪಾರ ಸೈನ್ಯವನ್ನು ಕಳುಹಿಸಿದನು. ಆಗಲೂ ಸಮುದ್ರದ ಕಡೆಯಿಂದ ಬಂದ ನೆರವೇ ಊರನ್ನು ಉಳಿಸಿತು. ಬಂದರು ಕೋಟೆಯ ಗುಟ್ಟು ಇದೇ. ನೆಲದ ಕೋಟೆಯನ್ನು ನಾಲ್ಕೂ ಕಡೆ ಸುತ್ತಿದರೆ ಮುಗಿಯಿತು. ಬಂದರು ಕೋಟೆಗೆ ಮಾತ್ರ ಒಂದು ಕಡೆ ಸದಾ ತೆರೆದ ಬಾಗಿಲು, ಕಡಲು. ಅದು ಮುಚ್ಚುವವರೆಗೆ ಗೋಡೆಯನ್ನು ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ.

ಬತಾವಿಯಾದಲ್ಲಿ (ಇಂದಿನ ಜಕಾರ್ತ) ಕುಳಿತಿದ್ದ ಡಚ್ ಗವರ್ನರ್ ಜನರಲ್ ಆಂಟೊನಿಯೊ ಫಾನ್ ಡೀಮೆನ್ ಈ ಗುಟ್ಟನ್ನು ಅರಿತಿದ್ದನು. 1636ರಿಂದ ಆತನ ಹಡಗುಗಳು ವರ್ಷವರ್ಷವೂ ಗೋವೆಯ ಬಾಯಿಗೇ ಬಂದು ಲಂಗರು ಹಾಕಿ ನಿಲ್ಲತೊಡಗಿದವು. ಮಲಾಕ್ಕಾಗೆ ಹಾಕಬೇಕಾದ ಬೀಗದ ಅರ್ಧ ಭಾಗವನ್ನು ಆತನು ಮಾಂಡೋವಿ ನದಿಯ ಮುಖದಲ್ಲಿ ಹಾಕಿದನು. ಇನ್ನರ್ಧವನ್ನು 1640ರ ಬೇಸಗೆಯಲ್ಲಿ ಈ ಜಲಸಂಧಿಯಲ್ಲಿ ಹಾಕಲಾಯಿತು. ಜೂನ್ ತಿಂಗಳ ಹೊತ್ತಿಗೆ ಡಚ್ ಹಡಗುಗಳು ಬಂದರನ್ನು ಕಟ್ಟಿಹಾಕಿದ್ದವು. ಆಗಸ್ಟ್ ಮೊದಲಲ್ಲಿ ಸೈನಿಕರು ಪಟ್ಟಣದ ಉತ್ತರಕ್ಕೆ ಇಳಿದರು. ಡಚ್ಚರು ಸುಮಾರು 1,500 ಮಂದಿ. ಜೊಹೋರಿನ ಸುಲ್ತಾನನು ಕಳುಹಿಸಿದ ದೋಣಿಗಳಲ್ಲಿ ಬಂದವರು ಹೆಚ್ಚು ಕಡಿಮೆ ಅಷ್ಟೇ. ಒಳಗಡೆ, ಗವರ್ನರ್ ಮಾನುಯೆಲ್ ಡಿ ಸೋಜಾ ಕುಟಿನ್ಯೊನ ಕೈಕೆಳಗೆ, ಯೂರೋಪಿನ ಸೈನಿಕರು ಮುನ್ನೂರೂ ಇರಲಿಲ್ಲ. ಅವರ ಜೊತೆಗೆ ಎರಡು ಮೂರು ಸಾವಿರ ಸ್ಥಳೀಯ ಯೋಧರು. ಅವರ ಹಿಂದೆ ಒಂದಿಡೀ ಊರಿನ ಹೆಂಗಸರು, ಮಕ್ಕಳು, ಮುದುಕರು.

ಡಚ್ಚರು ಮೊದಲು ಹಿಡಿದದ್ದು ಕೋಟೆಯನ್ನಲ್ಲ, ನದಿಯಾಚೆಯ ಪೇಟೆಯನ್ನು. ಅದರ ಹಳೆಯ ಹೆಸರು ಉಪೆ. ಪೋರ್ಚುಗೀಸರು ಅದರ ಸುತ್ತ ಬೇಲಿಯಂಥ ತಡೆಗೋಡೆ ಕಟ್ಟಿದ್ದರಿಂದ ಅದಕ್ಕೆ 'ತ್ರಾಂಕೆಯಿರಾ' ಎಂಬ ಹೆಸರು ಬಂದಿತು. ಇಂದಿನ ತೆಂಕೆರಾ ರಸ್ತೆ ಅದೇ ಪದ. ಈ ಪೇಟೆಯಲ್ಲಿ ವಾಸವಾಗಿದ್ದವರು ಯಾರು? ಕೆಲಿಂಗ್ ಎಂದು ಕರೆಯಲ್ಪಡುತ್ತಿದ್ದ ದಕ್ಷಿಣ ಭಾರತದ ವರ್ತಕರು, ಗುಜರಾತಿಗಳು, ಜಾವಾದವರು, ಚೀನೀಯರು. ಊರನ್ನು ಶ್ರೀಮಂತಗೊಳಿಸಿದವರು ಹೊರಗೆ, ಊರನ್ನು ಆಳುವವರು ಗೋಡೆಯೊಳಗೆ. ಮುತ್ತಿಗೆ ಬಂದಾಗ ಮೊದಲ ದಿನವೇ ಉರಿದದ್ದು, ಕೊಳ್ಳೆಹೋದದ್ದು ಆ ಹೊರಗಿನ ಬೀದಿಗಳು. ಬೇರೆ ಊರಿನಿಂದ ಬಂದು ಇಲ್ಲಿ ಮನೆ ಮಾಡಿಕೊಂಡಿರುವ ನಮಗೆ ಆ ರಸ್ತೆಯಲ್ಲಿ ನಡೆಯುವಾಗ ಕಾಲು ಸ್ವಲ್ಪ ನಿಧಾನವಾಗುತ್ತದೆ.

ಪೇಟೆಯಿಂದ ಡಚ್ಚರು 24 ಪೌಂಡಿನ ಗುಂಡುಗಳನ್ನು ಹಾರಿಸುವ ದೊಡ್ಡ ತೋಪುಗಳನ್ನು ಕೋಟೆಗೆ ಎದುರಾಗಿ ನಿಲ್ಲಿಸಿದರು. ಗೋಡೆಯಲ್ಲಿ ಬಿರುಕುಗಳೂ ಬಿದ್ದವು. ಆದರೆ ಲಗ್ಗೆ ಹಾಕಲಿಲ್ಲ. ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು, ನವೆಂಬರ್ ಕಳೆಯಿತು. ಅಷ್ಟರಲ್ಲಿ ಮೂರನೆಯ ಪಕ್ಷವೊಂದು ಯುದ್ಧಕ್ಕೆ ಇಳಿದಿತ್ತು.

ನಾನು ತೊಂಬತ್ತರ ದಶಕದ ಆರಂಭದಲ್ಲಿ ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದೆ. ಆಗ ಅಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿದ್ದವು. ಅವುಗಳ ಜೊತೆಯಲ್ಲಿಯೇ ಮಲೇರಿಯಾ ಕೂಡ ಎದ್ದಿತು. ಸಿಮೆಂಟ್ ಗೋಡೆಗೆ ನೀರು ಕಟ್ಟಿದ ತೊಟ್ಟಿಗಳಲ್ಲಿ ಸೊಳ್ಳೆ. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಕೂಲಿಯವರ ರಕ್ತದಲ್ಲಿ ರೋಗಾಣು. ಎರಡೂ ಒಂದೆಡೆ ಸೇರಿದರೆ ಸಾಕು. ವಾರ್ಡಿನಲ್ಲಿ ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿಸಿದ್ದ ಆ ಯುವಕರು ಕಂಬಳಿಯೊಳಗೆ ಹಲ್ಲು ಕಟಕಟಿಸಿ ನಡುಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದೆ. ಮಲಾಕ್ಕಾದ ಕಂದಕಗಳ ವರ್ಣನೆಯನ್ನು ಓದುವಾಗ ನನಗೆ ನೆನಪಾದದ್ದು ಆ ವಾರ್ಡು.

ಲೆಕ್ಕ ನೋಡಿ. ಸೈನ್ಯ ಇಳಿದ ಕೂಡಲೇ ಮರಗಳನ್ನು ಕಡಿಯುತ್ತದೆ, ಅಗಳು ತೋಡುತ್ತದೆ, ಮಣ್ಣು ತೆಗೆದ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಅನಾಫಿಲಿಸ್ ಸೊಳ್ಳೆಯ ಮೊಟ್ಟೆ ಒಂದೆರಡು ವಾರದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಅದು ರೋಗಿಯೊಬ್ಬನನ್ನು ಕಚ್ಚಿದರೆ ರೋಗಾಣು ಅದರ ಒಡಲಲ್ಲಿ ಪಕ್ವವಾಗಲು ಇನ್ನೆರಡು ವಾರ. ಆ ಮೇಲೆ ಅದು ಕಚ್ಚಿದವನಿಗೆ ಜ್ವರ ಬರಲು ಮತ್ತೆ ಹತ್ತು ಹದಿನೈದು ದಿನ. ಆಗಸ್ಟ್ ಮೊದಲಲ್ಲಿ ಇಳಿದವರ ಬಿಡಾರದಲ್ಲಿ ಸೆಪ್ಟೆಂಬರ್ ಕೊನೆಗೆ ರೋಗದ ಅಲೆ ಏಳಬೇಕು; ಆ ಬಳಿಕ ಬರುವ ವರ್ಷಾಂತ್ಯದ ಮಳೆ ಅದನ್ನು ಹೆಚ್ಚಿಸಬೇಕು. ಅದರ ಜೊತೆಗೆ ರಕ್ತಭೇದಿ. ಸಾವಿರಾರು ಜನರು ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ಬಯಲಿಗೆ ಹೋಗುವ ಸ್ಥಳವೂ ನೀರು ಸೇದುವ ಸ್ಥಳವೂ ಹತ್ತಿರ ಹತ್ತಿರವಾದಾಗ ಏನಾಗುವುದೆಂದು ನಮ್ಮ ಜಾತ್ರೆಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಆ ಕಾಲದ ಕಾಗದಪತ್ರಗಳು 'ಜ್ವರ', 'ಪಿಡುಗು' ಎಂದಷ್ಟೇ ಹೇಳುತ್ತವೆ. ಲಕ್ಷಣಗಳನ್ನೂ ಪರಿಸರವನ್ನೂ ಕೂಡಿಸಿ ನೋಡಿದರೆ ಮಲೇರಿಯಾ ಮತ್ತು ಭೇದಿಗಳೇ ಮುಖ್ಯ ಆರೋಪಿಗಳೆಂಬುದು ನನ್ನ ತೀರ್ಮಾನ.

ಔಷಧವೇನಿತ್ತು? ಸಿಂಕೋನಾ ತೊಗಟೆ ಆಗಿನ್ನೂ ದಕ್ಷಿಣ ಅಮೆರಿಕವನ್ನು ಬಿಟ್ಟು ಹೊರಗೆ ಪ್ರಸಿದ್ಧವಾಗಿರಲಿಲ್ಲ. ಯೂರೋಪಿನ ವೈದ್ಯರು ಜ್ವರ ಬಂದವನ ನರವನ್ನು ಕೊಯ್ದು ರಕ್ತ ಹರಿಸುತ್ತಿದ್ದರು. ಮಲೇರಿಯಾ ಮೊದಲೇ ರಕ್ತವನ್ನು ತಿನ್ನುವ ರೋಗ. ಉಳಿದದ್ದನ್ನು ವೈದ್ಯರು ತೆಗೆಯುತ್ತಿದ್ದರು. ಬತಾವಿಯಾದಲ್ಲಿದ್ದ ಬೊಂಟಿಯಸ್ ಎಂಬ ಒಬ್ಬ ಜಾಣ ವೈದ್ಯನು ಈ ಪ್ರದೇಶದ ರೋಗಗಳನ್ನು ಕಣ್ಣಾರೆ ಕಂಡು ಬರೆದಿದ್ದನು. ಬೆರಿಬೆರಿಯನ್ನು ಯೂರೋಪಿಗೆ ಪರಿಚಯಿಸಿದವರಲ್ಲಿ ಅವನೂ ಒಬ್ಬ. ಆದರೆ ಅವನು 1631ರಲ್ಲಿಯೇ ತೀರಿಕೊಂಡಿದ್ದನು. ಪುಸ್ತಕ ಅಚ್ಚಾದದ್ದು 1642ರಲ್ಲಿ, ಮುತ್ತಿಗೆ ಮುಗಿದ ಮೇಲೆ. ಸೊಳ್ಳೆಯ ಗುಟ್ಟು ರಟ್ಟಾಗಲು 1897ರವರೆಗೆ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಕಂಡುಹಿಡಿಯುವವರೆಗೆ, ಕಾಯಬೇಕಾಯಿತು. ಅದೇ ರಾಸ್ 1883ರ ಸುಮಾರಿಗೆ ಬೆಂಗಳೂರಿನಲ್ಲಿದ್ದಾಗ, ತನ್ನ ಕಿಟಕಿಯ ಬಳಿಯ ನೀರಿನ ಪೀಪಾಯಿಯನ್ನು ಬರಿದು ಮಾಡಿದರೆ ಸೊಳ್ಳೆ ಕಡಿಮೆಯಾಗುವುದೆಂದು ಗಮನಿಸಿದ್ದನಂತೆ. ಆ ತಿಳಿವಳಿಕೆಯನ್ನು ಒಂದು ಊರಿನ ಮಟ್ಟದಲ್ಲಿ ಮೊದಲು ಬಳಸಿ ಗೆದ್ದವರಲ್ಲಿ ಡಾ. ಮಾಲ್ಕಮ್ ವಾಟ್ಸನ್ ಪ್ರಮುಖರು. 1901ರಲ್ಲಿ ನಮ್ಮ ಪಕ್ಕದ ಕ್ಲಾಂಗ್‌ನಲ್ಲಿ, ಆಗಷ್ಟೇ ತೆರೆದು ಜ್ವರದಿಂದ ಮುಚ್ಚುವ ಸ್ಥಿತಿಗೆ ಬಂದಿದ್ದ ಬಂದರಿನಲ್ಲಿ, ಅವರು ಜೌಗಿನ ನೀರನ್ನು ಬಸಿದು ಜನರನ್ನು ಉಳಿಸಿದರು. ಇಂದು ನಾವು ಈ ಕಣಿವೆಯಲ್ಲಿ ಕಿಟಕಿ ತೆರೆದು ಮಲಗುವುದು ಆ ಚರಂಡಿಗಳ ಪುಣ್ಯ. (ಡೆಂಗಿಯ ಸೊಳ್ಳೆ ಬೇರೆ, ಹೂಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ. ಇಷ್ಟು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.)

1640ಕ್ಕೆ ಹಿಂದಿರುಗೋಣ. ಮುತ್ತಿದವರ ದಂಡನಾಯಕ ಆಡ್ರಿಯಾನ್ ಆಂಟೊನಿಸೂನ್ ಸತ್ತನು. ಅವನ ಸ್ಥಾನಕ್ಕೆ ಬಂದ ಯಾಕೊಬ್ ಕೂಪರ್ ಸಹ ಸತ್ತನು. ಮೂರನೆಯವನಾಗಿ ಮಿನ್ನೆ ವಿಲ್ಲೆಮ್ಸೂನ್ ಕಾರ್ಟೆಕು ಅಧಿಕಾರ ವಹಿಸಿಕೊಂಡನು. ಡಿಸೆಂಬರ್ ಮೊದಲ ದಿನ ಪೀಟರ್ ಫಾನ್ ಡೆನ್ ಬ್ರೂಕ್ ಎಂಬ ಹಿರಿಯ ಅಧಿಕಾರಿಯೂ ಇಲ್ಲಿಯೇ ಕೊನೆಯುಸಿರೆಳೆದನು. ಈತನು ಹಿಂದೆ ಯೆಮೆನ್‌ನ ಮೋಕಾದಲ್ಲಿ ಕಾಫಿಯ ರುಚಿ ನೋಡಿದ ಮೊದಲ ಡಚ್ಚರಲ್ಲಿ ಒಬ್ಬನೆಂದು ಹೆಸರಾದವನು. ಬಾಬಾ ಬುಡನ್ ಅವರು ಬೀಜ ತಂದರೆಂದು ನಾವು ನಂಬುವ ಅದೇ ಯೆಮೆನ್. ಚಿಕ್ಕಮಗಳೂರಿನವರು ಆತನಿಗೊಂದು ನಮಸ್ಕಾರ ಸಲ್ಲಿಸಬಹುದು.

ಗೋಡೆಯ ಹೊರಗೆ ಹೀಗಾದರೆ ಒಳಗೆ? 2020ರ ಮಾರ್ಚ್ 18ರಂದು ಈ ದೇಶದಲ್ಲಿ ಸಂಚಾರ ನಿರ್ಬಂಧ ಜಾರಿಗೆ ಬಂದಾಗ, ನಮ್ಮ ಮನೆಯಲ್ಲಿ ನನ್ನ ಶ್ರೀಮತಿ ಕೇಳಿದ ಮೊದಲ ಪ್ರಶ್ನೆ "ಅಕ್ಕಿ ಎಷ್ಟು ದಿನಕ್ಕೆ ಬರುತ್ತದೆ?" ಎಂಬುದು. ನಮಗೆ ಅಂಗಡಿ ತೆರೆದಿತ್ತು. ಮಲಾಕ್ಕಾದ ಗೃಹಿಣಿಗೆ ಹಡಗು ಬರಲಿಲ್ಲ. ಅಕ್ಕಿಯ ಬೆಲೆ ಏರಿ ಏರಿ ಬಡವರ ಕೈಗೆ ಎಟುಕದಾಯಿತು. ಕೊನೆಗೆ ಒಣಗಿದ ದನದ ಚರ್ಮವನ್ನು ತೂಕದ ಮೇಲೆ ಮಾರಿ, ಬೇಯಿಸಿ ತಿಂದರು. ನಾಯಿ, ಇಲಿಗಳೂ ಉಳಿಯಲಿಲ್ಲ. ಹಸಿದ ದೇಹದಲ್ಲಿ ರೋಗನಿರೋಧಕ ಶಕ್ತಿ ಕುಂದುತ್ತದೆ. ಕರುಳಿನ ಒಳಪದರ ತೆಳುವಾಗುತ್ತದೆ. ಸಾಮಾನ್ಯ ಭೇದಿಯೇ ಕೊಲ್ಲುತ್ತದೆ. ಮರಣಪತ್ರದಲ್ಲಿ ರೋಗವೆಂದು ಬರೆಯಬಹುದು, ಕೊಂದದ್ದು ಹಸಿವು. ಮೊದಲು ಹೋಗುವವರು ಐದು ವರ್ಷದೊಳಗಿನ ಮಕ್ಕಳು, ಬಾಣಂತಿಯರು, ವೃದ್ಧರು. ಕೋವಿ ಹಿಡಿದವನಿಗೆ ಮೊದಲ ತುತ್ತು ಸಿಗುವುದರಿಂದ ಅವನು ಕೊನೆಯವರೆಗೆ ಉಳಿಯುತ್ತಾನೆ. ಮುತ್ತಿಗೆಯ ಈ ಕ್ರಮ ಎಲ್ಲ ದೇಶಗಳಲ್ಲಿಯೂ ಒಂದೇ.

1641ರ ಜನವರಿ 14ರ ಬೆಳಗ್ಗೆ ಡಚ್ಚರು ಲಗ್ಗೆ ಹಾಕಿದರು. ಗೆಲ್ಲುವ ಭರವಸೆಯಿಂದ ಅಲ್ಲ. ಇನ್ನು ಕಾದರೆ ಲಗ್ಗೆ ಹಾಕಲು ಜನರೇ ಉಳಿಯುವುದಿಲ್ಲವೆಂಬ ಭಯದಿಂದ. ಎದ್ದು ನಿಲ್ಲಬಲ್ಲ ಸೈನಿಕರನ್ನೂ ನಾವಿಕರನ್ನೂ ಕೂಡಿಸಿದರೆ ಸುಮಾರು 650 ಮಂದಿ. ಸಾವೊ ದೊಮಿಂಗೊಸ್ ಬುರುಜಿಗೆ ಏಣಿ ಹಾಕಿ ಹತ್ತಿದರು. ಒಂದಾದ ಮೇಲೊಂದು ಬುರುಜು ಕೈವಶವಾಯಿತು. ಒಳಗಿದ್ದವರು ಕಡೆಯ ಗಳಿಗೆಯವರೆಗೆ ಕಾದಾಡಿದರು. ಶರಣಾಗತಿಯ ಮಾತುಕತೆ ನಡೆಯುವಾಗ ಗವರ್ನರ್ ಕುಟಿನ್ಯೊ ಹಾಸಿಗೆ ಹಿಡಿದಿದ್ದನು. ಎರಡು ದಿನಗಳ ನಂತರ ತೀರಿಕೊಂಡನು. ಗೆದ್ದವರು ಅವನನ್ನು ಸೇನಾಗೌರವದೊಡನೆ ಹೂಳಿದರು. ರೋಗಿಗಳ ಒಂದು ಸೈನ್ಯವು ರೋಗಿಗಳ ಇನ್ನೊಂದು ಸೈನ್ಯವನ್ನು ಸೋಲಿಸಿತ್ತು.

ಕಂಪನಿಯ ಕಮಿಷನರ್ ಯುಸ್ತುಸ್ ಸ್ಕೌಟನ್ ಅದೇ ವರ್ಷ ಬಂದು ಊರನ್ನು ಪರಿಶೀಲಿಸಿ ವರದಿ ಬರೆದನು. ಆಗಿನ ಲೆಕ್ಕಗಳ ಪ್ರಕಾರ ಮುತ್ತಿಗೆಗೆ ಮುಂಚೆ ಜನಸಂಖ್ಯೆ ಸುಮಾರು 20,000, ಹಸಿವು ಮತ್ತು ರೋಗಗಳಿಂದ ಸತ್ತವರು ಸುಮಾರು 7,000, ಅನೇಕರು ಓಡಿಹೋದರು, ಕೊನೆಗೆ ಉಳಿದವರು ಮೂರು ಸಾವಿರದಷ್ಟು. ಡಚ್ಚರ ಕಡೆ ಸತ್ತವರು ಸುಮಾರು ಸಾವಿರ, ಬಹುಪಾಲು ರೋಗದಿಂದ. ಫಿರಂಗಿಯ ಗುಂಡಿಗೆ ಬಲಿಯಾದವರ ಸಂಖ್ಯೆ ಈ ಮೊತ್ತದಲ್ಲಿ ಒಂದು ಸಣ್ಣ ಭಾಗ. ಇನ್ನೊಂದು ವಿಪರ್ಯಾಸವನ್ನು ಗಮನಿಸಿ. ಡಚ್ಚರು ಪೋರ್ಚುಗೀಸರ ಮೇಲೆ ಹಗೆ ಸಾಧಿಸಲು ಒಂದು ಮುಖ್ಯ ಕಾರಣ ಪೋರ್ಚುಗಲ್ ಸ್ಪೇನಿನ ದೊರೆಯ ಕೈಕೆಳಗಿದ್ದುದು. ಆ ಪೋರ್ಚುಗಲ್ 1640ರ ಡಿಸೆಂಬರ್ 1ರಂದು ಸ್ಪೇನಿನಿಂದ ಬಿಡಿಸಿಕೊಂಡಿತು. 1641ರ ಜೂನ್‌ನಲ್ಲಿ ಎರಡೂ ದೇಶಗಳು ಯುದ್ಧವಿರಾಮಕ್ಕೆ ಸಹಿ ಹಾಕಿದವು. ಸುದ್ದಿ ಹಡಗಿನ ವೇಗದಲ್ಲಿ ಬರುತ್ತಿದ್ದ ಕಾಲ. ಕೋಟೆ ಬೀಳುವ ದಿನ ಒಳಗಿದ್ದವರಿಗೂ ಹೊರಗಿದ್ದವರಿಗೂ ಲಿಸ್ಬನ್ನಿನಲ್ಲಿ ಅರಸನೇ ಬದಲಾಗಿರುವುದು ತಿಳಿದಿರಲಿಲ್ಲ.

ಇಂಥದೇ ಒಂದು ಕಥೆ ನಮ್ಮ ಮಂಗಳೂರಿನದು. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಯಲ್ಲಿದ್ದ ಕರ್ನಲ್ ಕ್ಯಾಂಪ್‌ಬೆಲ್ಲನ ಇಂಗ್ಲಿಷ್ ಪಡೆಯನ್ನು ಮುತ್ತಿದನು. ತೋಪುಗಳು ಗೋಡೆಯನ್ನು ಪುಡಿಮಾಡಿದರೂ ಕೋಟೆ ಬೀಳಲಿಲ್ಲ. ಆಗಸ್ಟ್‌ನಲ್ಲಿ ಕದನವಿರಾಮವಾಯಿತು; ಆದರೆ ಆಹಾರದ ದಾರಿ ಬಿಗಿಯಾಗಿಯೇ ಉಳಿಯಿತು. ಅಲ್ಲಿಯ ಶತ್ರು ಮಲೇರಿಯಾಕ್ಕಿಂತ ಹೆಚ್ಚಾಗಿ ಸ್ಕರ್ವಿ, ಸಿ ಜೀವಸತ್ವದ ಕೊರತೆ. ಒಸಡು ಕೊಳೆತು, ಹಳೆಯ ಗಾಯಗಳು ಬಾಯಿ ಬಿಟ್ಟು, ನಿಂತಲ್ಲಿಯೇ ಕುಸಿಯುವ ರೋಗ. ನಿಂಬೆ, ಕಿತ್ತಳೆಯ ಗುಣವನ್ನು ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯನು 1753ರಲ್ಲಿಯೇ ಪುಸ್ತಕ ಬರೆದು ತಿಳಿಸಿದ್ದನು. ಬ್ರಿಟಿಷ್ ನೌಕಾಪಡೆ ಅದನ್ನು ಕಡ್ಡಾಯ ಮಾಡಿದ್ದು 1795ರಲ್ಲಿ. ಗೋಡೆಯಾಚೆ ನೆಲ್ಲಿಯೂ ನಿಂಬೆಯೂ ಬೆಳೆಯುವ ನಾಡು. ಒಳಗೆ ಅದಿಲ್ಲದೆ ಸಾಯುವ ಜನ. 1784ರ ಜನವರಿ 30ರಂದು ಅವರು ಕೋಟೆಯನ್ನು ಬಿಟ್ಟು ಹೊರನಡೆದರು. ಕ್ಯಾಂಪ್‌ಬೆಲ್ ಎರಡು ತಿಂಗಳೊಳಗೆ ತೀರಿಕೊಂಡನು. ಆ ಕೋಟೆ ಇಂದು ಇಲ್ಲ. ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಎಂಬ ಕಾವಲು ಬುರುಜೊಂದು ಗುರುಪುರ ನದಿಯನ್ನು ನೋಡುತ್ತ ನಿಂತಿದೆ. ವಿದ್ಯಾರ್ಥಿ ದಿನಗಳಲ್ಲಿ ಸಂಜೆ ಅಲ್ಲಿ ಕುಳಿತು ಚುರುಮುರಿ ತಿಂದವರಲ್ಲಿ ನಾನೂ ಒಬ್ಬ. ಆಗ ಈ ಯಾವುದೂ ನನಗೆ ಗೊತ್ತಿರಲಿಲ್ಲ.

ಮಲಾಕ್ಕಾದ ಮೊದಲ ಡಚ್ ಗವರ್ನರ್ ಆಗಿ ಬಂದವನು ಯೋಹಾನ್ ಫಾನ್ ಟ್ವಿಸ್ಟ್. ಈತನು 1637ರಲ್ಲಿ ಬಿಜಾಪುರದ ಆದಿಲಶಾಹಿ ದರ್ಬಾರಿಗೆ ಡಚ್ಚರ ರಾಯಭಾರಿಯಾಗಿ ಹೋಗಿದ್ದವನು. ಮಹಮದ್ ಆದಿಲ್ ಷಾನ ಆ ರಾಜಧಾನಿಯ ವೈಭವವನ್ನು ಕಂಡ ಕಣ್ಣಿಗೆ ಈ ಊರು ಹೇಗೆ ಕಂಡಿರಬಹುದು! ಅವನ ಮುಂದಿದ್ದ ಕೆಲಸಗಳು ಬಹು ಸರಳವಾದವು: ಹೆಣಗಳನ್ನು ಹೂಳುವುದು, ಬಾವಿಗಳನ್ನು ಶುಚಿಗೊಳಿಸುವುದು, ಓಡಿಹೋದ ವರ್ತಕರನ್ನು ಮರಳಿ ಕರೆಸುವುದು. ವರ್ತಕರು ನಿಧಾನವಾಗಿ ಬಂದರು. ಆದರೆ ಕಂಪನಿ ತನ್ನ ಮುಖ್ಯ ವ್ಯಾಪಾರವನ್ನು ಬತಾವಿಯಾಕ್ಕೇ ತಿರುಗಿಸಿದ್ದರಿಂದ ಮಲಾಕ್ಕಾ ಹಳೆಯ ವೈಭವವನ್ನು ಮತ್ತೆ ಕಾಣಲಿಲ್ಲ.

ಕಳೆದ ವರ್ಷ ನನ್ನ ಸೋದರಳಿಯ ಮತ್ತೆ ಬಂದಿದ್ದನು; ಈಗ ಅವನು ಎಂಜಿನಿಯರ್. ಈ ಸಲ ಹೆಬ್ಬಾಗಿಲಿನ ಬಳಿ ಬಹಳ ಹೊತ್ತು ನಿಲ್ಲಲಿಲ್ಲ. ನದಿ ದಾಟಿ ತೆಂಕೆರಾ ರಸ್ತೆಯಲ್ಲಿ ಮಸೀದಿಯವರೆಗೆ ನಡೆದೆವು. ಡಚ್ಚರು ಇಳಿದ ಕಡಲತೀರ ಇತ್ತ ಕಡೆಯದು. ಈಗ ಅಲ್ಲಿ ಸಮುದ್ರವನ್ನು ತುಂಬಿ ಕಟ್ಟಡಗಳನ್ನು ಕಟ್ಟಿರುವುದರಿಂದ ನೀರು ಕಾಣುವುದಿಲ್ಲ. ಅವನಿಗೆ ಈ ಕಥೆಯನ್ನೆಲ್ಲ ಹೇಳಿದೆ. "ಹಾಗಾದರೆ ಅವತ್ತು ನೀವು ಹೇಳಿದ್ದು ತಪ್ಪು, ಮಾವ" ಎಂದನು. ಹೌದೆಂದು ಒಪ್ಪಿಕೊಂಡು ಚೆಂಡೋಲ್ ಕೊಡಿಸಿದೆ.